ಗೋವೆಯ ಹಾದಿಯಲ್ಲಿ ಬಂದದ್ದು

(ದೇವಾಲಯದ ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಪೂರ್ವ ಪಶ್ಚಿಮಗಳ ನಡುವೆ ಹಿಂದಿನ ಶತಮಾನಗಳಲ್ಲಿ ನಡೆದ ವ್ಯಾಪಾರ ಮತ್ತು ಸಂಸ್ಕೃತಿಗಳ ಕೊಳುಕೊಡೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಉತ್ಸವ ಸಮಿತಿಯವರು ಅಪ್ಪಣೆ ಮಾಡಿದಾಗ ನಮಗೆ ತುಸು ಅಂಜಿಕೆಯೇ ಆಯಿತು. ವಿಷಯವು ಸಮುದ್ರದಷ್ಟು ದೊಡ್ಡದು. ನಾವೋ ಸಮುದ್ರವನ್ನು ಕಾಣದ ಎರೆಯ ನಾಡಿನವರು. ಪಶ್ಚಿಮವೆಂದೊಡನೆ ಕೇಳುವವರಿಗೆ ಲಿಸ್ಬನ್, ರೋಮ್, ಲಂಡನ್ನುಗಳು ನೆನಪಾಗುತ್ತವೆ. ಪೂರ್ವವೆಂದರೆ ಕಲ್ಲಿಕೋಟೆ ಮತ್ತು ಗೋವೆ. ಆ ನಕಾಶೆಯಲ್ಲಿ ಗದಗಿನ ಹೆಸರನ್ನು ಯಾರೂ ಹುಡುಕುವುದಿಲ್ಲ. ಆದರೂ ನಾವು ಒಪ್ಪಿಕೊಂಡೆವು. ಅದಕ್ಕೆ ಒಂದು ಕಾರಣವುಂಟು.

ನಮ್ಮ ಮಕ್ಕಳನ್ನು ಶಾಲೆಯಲ್ಲಿ, ನಮ್ಮನ್ನು ಸಂತೆ ಪೇಟೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಕೇಳುವ ಪ್ರಶ್ನೆಯೊಂದಿದೆ: “ನಿಮ್ಮದು ಪರದೇಶದ ಧರ್ಮ ಅಲ್ಲೇನ್ರೀ?” ಕೇಳುವವರೆಲ್ಲರೂ ಕೆಡುಕಿನಿಂದ ಕೇಳುವುದಿಲ್ಲ. ಬಹಳ ಮಂದಿ ತಿಳಿಯುವ ಆಸೆಯಿಂದಲೇ ಕೇಳುತ್ತಾರೆ. ತಡವರಿಸುವವರು ನಾವು. ಒಂದೋ ಸಿಟ್ಟಾಗುತ್ತೇವೆ, ಇಲ್ಲವೆ ನಕ್ಕು ಸುಮ್ಮನಾಗುತ್ತೇವೆ. ನೂರು ವರ್ಷ ತುಂಬಿದ ಮನೆಯಲ್ಲಿ ಕುಳಿತು ಈ ಪ್ರಶ್ನೆಯನ್ನು ಶಾಂತಚಿತ್ತದಿಂದ ಎದುರಿಸುವುದು ಲೇಸೆಂದು ನಮಗೆ ತೋರಿತು. ನಮ್ಮ ಈ ಸೀಮೆಗೆ ಪಡುವಣದಿಂದ ಏನೇನು ಬಂತು, ಯಾವ ಹಾದಿಯಲ್ಲಿ ಬಂತು, ಇಲ್ಲಿಂದ ಅತ್ತ ಏನು ಹೋಯಿತು, ಬಂದದ್ದು ಹೇಗೆ ನಮ್ಮದಾಯಿತು ಎಂಬುದನ್ನು ವಿಚಾರಿಸಿದರೆ ಉತ್ತರವು ತಾನಾಗಿಯೇ ದೊರೆಯಬಹುದು.

ಭೂಪಟವನ್ನು ತೆರೆದು ಗೋವೆಯಿಂದ ಹಂಪೆಗೆ ಒಂದು ನೇರ ಗೆರೆಯನ್ನು ಎಳೆದು ನೋಡಿರಿ. ಅದು ಸಹ್ಯಾದ್ರಿಯನ್ನು ದಾಟಿ, ಗದಗಿನ ಮಗ್ಗುಲಲ್ಲಿಯೇ ಹಾಯ್ದು, ಮುಂಡರಗಿಯ ಬಡಗಣ ಸೀಮೆಯನ್ನು ಸವರಿ, ತುಂಗಭದ್ರೆಯ ಕಡೆಗೆ ಸಾಗುತ್ತದೆ. ಗೆರೆಯ ತೆಂಕಣಕ್ಕೆ ಶಿರಹಟ್ಟಿ, ಲಕ್ಷ್ಮೇಶ್ವರಗಳು. ಅಲ್ಲಿಂದ ಅನತಿದೂರದಲ್ಲಿ ಪೋರ್ತುಗೀಜರ ಬರವಣಿಗೆಗಳಲ್ಲಿ ಹೆಸರು ಪಡೆದ ಬಂಕಾಪುರ. ನಮ್ಮ ನಾಲ್ಕು ಊರುಗಳು ಕಡಲಿನಿಂದ ದೂರವಿದ್ದರೂ ಕಡಲು ಮತ್ತು ರಾಜಧಾನಿಗಳ ನಡುವಿನ ಮೊಗಸಾಲೆಯಲ್ಲಿಯೇ ಇದ್ದವು. ವಿಜಯನಗರದ ಕಾಲದಲ್ಲಿ ರಾಜಧಾನಿ ಮೂಡಣದಲ್ಲಿತ್ತು. 1565ರ ಯುದ್ಧದ ತರುವಾಯ ಅದು ಬಡಗಣದ ಬಿಜಾಪುರವಾಯಿತು. ಕಡಲು ಮಾತ್ರ ಪಡುವಣದಲ್ಲಿಯೇ ಉಳಿಯಿತು.

ಈ ಮೊಗಸಾಲೆಯಲ್ಲಿ ಮೊದಲು ಕೇಳಿಬಂದದ್ದು ಕುದುರೆಯ ಗೊರಸಿನ ಸಪ್ಪಳ. ದಕ್ಷಿಣದ ಹವೆಗೆ, ಮೇವಿಗೆ ಒಳ್ಳೆಯ ಕುದುರೆಯ ತಳಿ ನಿಲ್ಲುತ್ತಿರಲಿಲ್ಲ. ದಂಡಿಗೆ ಬೇಕಾದ ಕುದುರೆಗಳನ್ನು ವರ್ಷ ವರ್ಷವೂ ಹೊರಗಿನಿಂದಲೇ ಕೊಳ್ಳಬೇಕಾಗಿತ್ತು. ಅವು ಅರಬಸ್ಥಾನ, ಪಾರಸಿಗಳಿಂದ ಹಡಗಿನಲ್ಲಿ ಬರುತ್ತಿದ್ದವು. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಹಿಡಿದದ್ದೇ ಈ ವ್ಯಾಪಾರದ ಕೀಲಿಕೈ ಅವನ ಉಡಿಗೆ ಬಿದ್ದಂತಾಯಿತು. ಗೋವೆಯನ್ನು ಹಿಡಿಯಲು ಅವನಿಗೆ ಬೆಂಬಲ ಕೊಟ್ಟವನು ಹೊನ್ನಾವರದ ತಿಮ್ಮಯ್ಯನೆಂಬುದನ್ನು ನಾವು ಮರೆಯುವಂತಿಲ್ಲ. ಪಡುವಣದವರು ತಾವೇ ಬಾಗಿಲು ಒಡೆದು ಬಂದರೆಂಬ ಮಾತು ಅರ್ಧ ಸತ್ಯ. ಒಳಗಿನಿಂದ ಅಗಳಿ ತೆಗೆದವರೂ ಇದ್ದರು.

ನೂನಿಜ್ ಎಂಬ ಪೋರ್ತುಗೀಜ ಕುದುರೆ ವ್ಯಾಪಾರಿಯು ಬರೆದಿಟ್ಟ ವೃತ್ತಾಂತದ ಪ್ರಕಾರ ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನು. ಅದಕ್ಕೂ ಹಿಂದಿನ ನರಸಿಂಹರಾಯನ ಕಾಲದ ಒಂದು ಸಂಗತಿಯನ್ನು ಅವನೇ ಹೇಳುತ್ತಾನೆ. ರಾಯನು ಸತ್ತ ಕುದುರೆಗೂ ಬದುಕಿದ ಕುದುರೆಗೂ ಒಂದೇ ಬೆಲೆ ಕೊಡುತ್ತಿದ್ದನಂತೆ. ಕಡಲಿನಲ್ಲಿ ಸತ್ತದ್ದರ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು, ಹಣ ಸಿಗುತ್ತಿತ್ತು. ವ್ಯಾಪಾರಿಗಳು ಹೆದರಿ ಬರುವುದನ್ನು ಬಿಡಬಾರದೆಂಬ ಲೆಕ್ಕಾಚಾರವದು. ಇಂದಿನ ವಿಮಾ ಕಂಪನಿಗಳು ಕೂಡ ಅಷ್ಟು ಉದಾರವಾಗಿರಲಾರವು!

1547ರಲ್ಲಿ ಗೋವೆಯ ಗವರ್ನರ್ ಜೊವಾವ್ ದ ಕಾಸ್ತ್ರೊ ಮತ್ತು ವಿಜಯನಗರದ ಸದಾಶಿವರಾಯರ ನಡುವೆ ಕರಾರು ಆಯಿತು. ಗೋವೆಗೆ ಇಳಿದ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕು, ಬಿಜಾಪುರಕ್ಕೆ ಹೋಗಬಾರದು. ರಾಯರ ನಾಡಿನ ವ್ಯಾಪಾರಿಗಳು ಪೋರ್ತುಗೀಜರ ಕೋಠಿಗಳಿರುವ ಬಂದರುಗಳಿಗೇ ಸರಕನ್ನು ಒಯ್ಯಬೇಕು. ಇದನ್ನು ಸ್ನೇಹದ ಒಪ್ಪಂದವೆಂದು ಬರೆದರು. ನಮ್ಮ ಅಭಿಪ್ರಾಯದಲ್ಲಿ ಸ್ನೇಹಕ್ಕಿಂತ ಸುಂಕದ ಮಾತೇ ಅದರಲ್ಲಿ ಹೆಚ್ಚು. ಕಡಲಿನ ಮೇಲೆ ಪೋರ್ತುಗೀಜರ ಅನುಮತಿ ಪತ್ರವಿಲ್ಲದ ಹಡಗನ್ನು ಅವರು ಹಿಡಿಯುತ್ತಿದ್ದ ಕಾಲವದು. ಕೊಳುಕೊಡೆಯೆಂದರೆ ಇಬ್ಬರೂ ಸಮನಾಗಿ ನಿಂತು ಮಾಡಿದ್ದೆಂದು ಯಾರೂ ಭಾವಿಸಬಾರದು.

ಆದರೆ ಕರಾರು ಕಾಗದದ ಮೇಲಿರುತ್ತದೆ. ಹಾದಿ ನೆಲದ ಮೇಲಿರುತ್ತದೆ. ಆ ಹಾದಿಯನ್ನು ಕಣ್ಣಿಗೆ ಕಟ್ಟಿಸುವವನು ವೆನಿಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್. 1567ರಲ್ಲಿ, ಎಂದರೆ ತಾಳಿಕೋಟೆಯ ಯುದ್ಧವಾಗಿ ಎರಡು ವರ್ಷಕ್ಕೆ, ಅವನು ಗೋವೆಯಿಂದ ವಿಜಯನಗರಕ್ಕೆ ಹೊರಟನು. ಎಂಟು ದಿನಗಳ ಪಯಣವೆಂದು ಹೇಳುತ್ತಾನೆ. ಜೊತೆಗೆ ಇನ್ನಿಬ್ಬರು ವ್ಯಾಪಾರಿಗಳು, ಅವರೊಡನೆ 300 ಅರಬ್ಬಿ ಕುದುರೆಗಳು. ಘಟ್ಟವೇರಿ ಬಂದ ಮುನ್ನೂರು ಕುದುರೆಗಳು ಎರೆಯ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಸಾಗುವ ದೃಶ್ಯವನ್ನು ಊಹಿಸಿಕೊಳ್ಳಿರಿ. ಅವುಗಳಿಗೆ ಹುರುಳಿ ಬೇಯಿಸಬೇಕು, ನೀರು ಕುಡಿಸಬೇಕು, ಕಾವಲು ಕಾಯಬೇಕು. ದಾರಿಯ ಊರವರ ಕೈಗೆ ಕೆಲಸ, ಕಿವಿಗೆ ಹೊಸ ನುಡಿ, ಕಣ್ಣಿಗೆ ಹೊಸ ಮುಖ.

ಫ್ರೆಡರಿಕನ ಜೊತೆಗಾರರ ಗತಿ ಚೆನ್ನಾಗಿ ಆಗಲಿಲ್ಲ. ಯುದ್ಧದಲ್ಲಿ ಅಳಿದುಳಿದ ತಿರುಮಲರಾಯನು ಕುದುರೆಗಳಿಗೆ ಒಳ್ಳೆಯ ಬೆಲೆ ಕೊಡುವುದಾಗಿ ಆಸೆ ತೋರಿಸಿ, ಕುದುರೆಗಳನ್ನು ಇಟ್ಟುಕೊಂಡು, ಹಣ ಕೊಡದೆ ಕಳಿಸಿಬಿಟ್ಟನೆಂದು ಅವನು ಬರೆಯುತ್ತಾನೆ. ತಾನೂ ಕಳ್ಳರ ಭಯದಿಂದ ಏಳು ತಿಂಗಳು ಅಲ್ಲಿಯೇ ಉಳಿಯಬೇಕಾಯಿತು. ಆದರೂ ಅವನ ಲೇಖನಿ ಕಹಿಯಾಗಲಿಲ್ಲ. ಗೋವೆಯಿಂದ ಹಿಂದೆ ಪ್ರತಿ ವರ್ಷ ಏನೇನು ಹೋಗುತ್ತಿತ್ತೆಂದು ಎಣಿಸುತ್ತಾನೆ: ಕುದುರೆ, ಮಖಮಲ್ಲು, ಪೋರ್ತುಗಾಲಿನ ರೇಷ್ಮೆ, ಚೀನದ ಬಟ್ಟೆಗಳು, ಕೇಸರಿ, ಕೆಂಪು ಉಣ್ಣೆಯ ಬಟ್ಟೆ. ಅಲ್ಲಿಂದ ಬರುತ್ತಿದ್ದದ್ದು ರತ್ನ ಮತ್ತು ಚಿನ್ನದ ವರಹ. ಅಲ್ಲಿಯ ಜನ ತಲೆಗೆ ತೊಡುವ ಉದ್ದ ಟೊಪ್ಪಿಗೆಯ ಹೆಸರನ್ನು ‘ಕೊಲಾಯೆ’ ಎಂದು ಬರೆದುಕೊಂಡಿದ್ದಾನೆ. ವೆನಿಸಿನವನ ಕಿವಿಗೆ ಹಾಗೆ ಕೇಳಿಸಿದ ಆ ಮಾತು ನಮ್ಮ ಕುಲಾವಿಯಲ್ಲದೆ ಬೇರೆಯಲ್ಲ. ನಮ್ಮ ಹೆಣ್ಣುಮಕ್ಕಳು ತೊಟ್ಟಿಲ ಕೂಸಿಗೆ ಹೊಲಿಯುವುದೂ ಅದನ್ನೇ.

ಇನ್ನು ಇಲ್ಲಿಂದ ಪಡುವಣಕ್ಕೆ ಹೋದ ಸರಕಿನಲ್ಲಿ ನಮ್ಮ ಸೀಮೆಯ ಹೆಮ್ಮೆಯೆಂದರೆ ನೂಲು ಮತ್ತು ನೇಯ್ಗೆ. ಕಾರವಾರದ ಇಂಗ್ಲಿಷ್ ಕೋಠಿಯ ಇತಿಹಾಸವನ್ನು ಹೇಳುವಾಗ ಹಳೆಯ ಗೆಜೆಟಿಯರು, ಪಶ್ಚಿಮ ಭಾರತದ ಅತ್ಯಂತ ನಯವಾದ ಮಸ್ಲಿನ್ ಅಲ್ಲಿಂದಲೇ ರಫ್ತಾಗುತ್ತಿತ್ತೆಂದೂ, ಅದನ್ನು ನೇಯುವ ನಾಡು ಸಹ್ಯಾದ್ರಿಯ ಮೂಡಣಕ್ಕೆ ಹುಬ್ಬಳ್ಳಿ ಮೊದಲಾದ ಊರುಗಳಲ್ಲಿತ್ತೆಂದೂ, ಅಲ್ಲಿ 50,000ದಷ್ಟು ನೇಕಾರರು ದುಡಿಯುತ್ತಿದ್ದರೆಂದೂ ತಿಳಿಸುತ್ತದೆ. ಬೆಟಗೇರಿಯ ಓಣಿಗಳಲ್ಲಿ ಮಗ್ಗದ ಲಾಳಿಯ ಸದ್ದು ಕೇಳಿ ಬೆಳೆದ ನಮಗೆ ಈ ಮಾತು ಬರಿಯ ಅಂಕಿಯಲ್ಲ. 1673ರಲ್ಲಿ ಶಿವಾಜಿಯ ಸರದಾರ ಅಣ್ಣಾಜಿ ದತ್ತೋ ಹುಬ್ಬಳ್ಳಿಯನ್ನು ಸೂರೆ ಮಾಡಿದಾಗ ಇಂಗ್ಲಿಷ್ ಕುಂಪಣಿಯ ಸರಕೂ ಹೋಯಿತು. ಕುಂಪಣಿಯವರು ತಮ್ಮ ನಷ್ಟವನ್ನು ಕಾಸು ಬಿಡದೆ ಲೆಕ್ಕ ಹಾಕಿ ಪರಿಹಾರ ಬೇಡಿದರು. ಮುಂಗಡ ಪಡೆದು ನೂಲು ಹಾಸಿ ಕುಳಿತಿದ್ದ ನೇಕಾರನ ನಷ್ಟವನ್ನು ಯಾವ ಕಡತವೂ ಬರೆದಿಡಲಿಲ್ಲ. ಇತಿಹಾಸದಲ್ಲಿ ಇದು ಹೊಸದೇನೂ ಅಲ್ಲ.

ಸರಕನ್ನು ಘಟ್ಟ ಇಳಿಸಿದವರು ಯಾರು? ಸಾವಿರಾರು ಹೇರೆತ್ತುಗಳು. 1520ರ ಸುಮಾರಿಗೆ ಬಂದ ದೊಮಿಂಗೊ ಪಾಯೆಸನು ಭಟ್ಕಳದ ಕಡೆಯ ಹಾದಿಯಲ್ಲಿ ಒಬ್ಬ ಆಳು ಇಪ್ಪತ್ತು ಮೂವತ್ತು ಎತ್ತುಗಳನ್ನು ಮುಂದೆ ಮಾಡಿಕೊಂಡು ಹೋಗುವುದನ್ನು ಕಂಡು ಬೆರಗಾದನು. ದಕ್ಷಿಣದ ಸೈನ್ಯಗಳಿಗೆ ಧಾನ್ಯವನ್ನೂ ಊರುಗಳಿಗೆ ಉಪ್ಪನ್ನೂ ಹೊತ್ತು ತಿರುಗಿದ ಲಂಬಾಣಿಗರ ತಾಂಡೆಗಳು ಇಂದಿಗೂ ಶಿರಹಟ್ಟಿ, ಮುಂಡರಗಿಗಳ ಸುತ್ತ, ಕಪ್ಪತಗುಡ್ಡದ ಅಡಿಯಲ್ಲಿ ಇವೆ. ಅವರ ಹೆಣ್ಣುಮಕ್ಕಳ ಉಡುಗೆಯಲ್ಲಿ ಪೋಣಿಸಿದ ಕವಡೆಯನ್ನು ನೋಡಿರಿ. ಅದು ಹುಟ್ಟಿದ್ದು ಸಮುದ್ರದಲ್ಲಿ. ಮಾಲ್ದೀವ್ ದ್ವೀಪಗಳು ಅದಕ್ಕೆ ಹೆಸರಾದವು. ಸಮುದ್ರವನ್ನು ಕಾಣದ ನಾಡೆಂದು ನಾವು ಮೊದಲು ಹೇಳಿದೆವಲ್ಲ, ಆ ಮಾತನ್ನು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ.

ಕುದುರೆ ಸತ್ತುಹೋಯಿತು, ಮಖಮಲ್ಲು ಹರಿದುಹೋಯಿತು. ಉಳಿದದ್ದು ಬೀಜ. ಎಲ್ಲಕ್ಕಿಂತ ಹೆಚ್ಚಾಗಿ ಮೆಣಸಿನಕಾಯಿ. ಈ ಗಿಡ ಅಮೆರಿಕ ಖಂಡದ್ದು. 1492ಕ್ಕೆ ಮುಂಚೆ ನಮ್ಮ ಪೂರ್ವಿಕರಾರೂ ಅದನ್ನು ಕಂಡಿರಲಿಲ್ಲ, ತಿಂದಿರಲಿಲ್ಲ. ಪಂಪನು ಉಂಡ ಸಾರಿನಲ್ಲಿ ಮೆಣಸಿನಕಾಯಿ ಇರಲಿಲ್ಲ. ಅವನಿಗೆ ಖಾರವೆಂದರೆ ಮಲೆನಾಡಿನ ಮೆಣಸು. ಪೋರ್ತುಗೀಜರ ಹಡಗಿನಲ್ಲಿ ಗೋವೆಗೆ ಬಂದ ಹೊಸ ಕಾಯಿಗೆ ನಮ್ಮ ಜನ ಬೇರೆ ಹೆಸರು ಹುಡುಕಲಿಲ್ಲ. ತಮಗೆ ತಿಳಿದ ಮೆಣಸಿನ ಹೆಸರನ್ನೇ ಇಟ್ಟು ಕೊನೆಗೆ ‘ಕಾಯಿ’ ಸೇರಿಸಿದರು. ಹೊಸಬನು ಹೆಸರನ್ನು ಕಿತ್ತುಕೊಂಡದ್ದರಿಂದ ಹಳೆಯ ಮೆಣಸು ‘ಕರಿಮೆಣಸು’ ಎಂಬ ವಿಶೇಷಣವನ್ನು ಹೊತ್ತುಕೊಳ್ಳಬೇಕಾಯಿತು. ಮನೆಯ ಯಜಮಾನನೇ ತನ್ನ ಗುರುತು ಹೇಳಿಕೊಳ್ಳಬೇಕಾದ ಪರಿಸ್ಥಿತಿ!

ಈಗ ಬ್ಯಾಡಗಿಯ ಮೆಣಸಿನಕಾಯಿಯೆಂದರೆ ಧಾರವಾಡ, ಗದಗ, ಹಾವೇರಿ ಸೀಮೆಗಳ ಮಾನದ ಪ್ರಶ್ನೆ. ಅದರ ಬಣ್ಣವನ್ನು ಬೇರ್ಪಡಿಸಿ ಪಶ್ಚಿಮ ದೇಶಗಳಿಗೆ ಕಳಿಸುತ್ತಾರೆ. ಬಂದ ದಾರಿಯಲ್ಲಿಯೇ ಅದು ಮರಳಿ ಹೋಗುತ್ತಿದೆ. ಕೆಂಪು ಮೆಣಸಿನಕಾಯಿಯನ್ನು ಉಪ್ಪು, ಬಳ್ಳೊಳ್ಳಿಗಳೊಡನೆ ರುಬ್ಬಿ ಮಾಡುವ ಚಟ್ನಿಗೆ ನಾವು ‘ರಂಜಕ’ ಎನ್ನುತ್ತೇವೆ. ಹಿಂದೆ ಬಂದೂಕಿನ ಕಿವಿಗೆ ಹಾಕುತ್ತಿದ್ದ ಮದ್ದಿಗೂ ರಂಜಕವೆಂದೇ ಹೆಸರು. ಬಂದೂಕು ಮತ್ತು ಮೆಣಸಿನಕಾಯಿ ನಮ್ಮಲ್ಲಿ ಬಳಕೆಗೆ ಬಂದದ್ದು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ. ಎರಡಕ್ಕೂ ಒಂದೇ ಹೆಸರಿಟ್ಟ ಅಜ್ಜಿ ಯಾರೋ, ಅವಳು ಬಲ್ಲವಳು.

ಶೇಂಗಾ ಕೂಡ ಅಮೆರಿಕೆಯದೇ. ಬಹುಕಾಲ ಮೂಲೆಯಲ್ಲಿದ್ದು ಕಳೆದ ಶತಮಾನದಲ್ಲಿ ಹೊಲಗಳನ್ನು ತುಂಬಿತು. ಶೇಂಗಾದ ಹೋಳಿಗೆಯಿಲ್ಲದ ಹಬ್ಬ ನಮ್ಮಲ್ಲಿ ಯಾವ ಮತದವರ ಮನೆಯಲ್ಲಿಯೂ ಇಲ್ಲ. ಗೋವಿನ ಜೋಳವೂ ಅಲ್ಲಿಯದು. ಗೋವೆಯ ಜೋಳವೇ ಗೋವಿನ ಜೋಳವಾಯಿತೆಂದು ಹೇಳುವವರುಂಟು. ಗೋವಿಗೆ ಮೇವಾದದ್ದರಿಂದ ಆ ಹೆಸರೆಂದು ವಾದಿಸುವವರೂ ಉಂಟು. ನಾವು ಈ ಜಗಳಕ್ಕೆ ಹೋಗುವುದಿಲ್ಲ. ತಂಬಾಕು, ಪೇರಲ, ಪಪ್ಪಾಯಿ, ಅನಾನಸು, ಬಟಾಟಿ ಎಲ್ಲವೂ ಅದೇ ಕಡಲನ್ನು ದಾಟಿದವು. ಅಮೆರಿಕೆಯ ಹತ್ತಿ ಬಂದದ್ದು ಮಾತ್ರ ಬಹಳ ಈಚೆಗೆ, 19ನೇ ಶತಮಾನದಲ್ಲಿ, ಕುಂಪಣಿ ಸರಕಾರದ ಒತ್ತಾಯದಿಂದ. ಅದು ಬೇರೆಯ ಕಥೆ.

ಬೀಜದ ಜೊತೆಗೆ ಮಾತು ಬಂತು. ಗದಗಿನ ಪೇಟೆಯಲ್ಲಿ ಹತ್ತಿಯ, ಶೇಂಗಾದ ರಾಶಿಯ ಮುಂದೆ ನಿಂತು ‘ಲಿಲಾವು’ ಕೂಗುವವನು ಪೋರ್ತುಗೀಜ ಮಾತಾಡುತ್ತಿದ್ದೇನೆಂದು ತಿಳಿದಿರುವುದಿಲ್ಲ. ತಿಂಗಳ ಕೊನೆಗೆ ‘ಪಗಾರ’ ಎಣಿಸುವವನೂ, ಪೆಟ್ಟಿಗೆಗೆ ‘ಚಾವಿ’ ಹಾಕುವವನೂ, ಅಂಗಿಗೆ ‘ಇಸ್ತ್ರಿ’ ಮಾಡುವವನೂ, ಮನೆ ಕಟ್ಟಲು ‘ಮೇಸ್ತ್ರಿ’ಯನ್ನು ಕರೆಯುವವನೂ ಹಾಗೆಯೇ. ಮೇಸ್ತ್ರಿಯ ಮಾತು ಬಂದದ್ದರಿಂದ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಕೃಷ್ಣದೇವರಾಯನು ಈಗಿನ ಹೊಸಪೇಟೆಯ ಬಳಿ ಕೆರೆ ಕಟ್ಟಿಸುವಾಗ ಗೋವೆಯ ಗವರ್ನರನು ಜೊವಾವ್ ದೆಲ್ಲಾ ಪೊಂತೆ ಎಂಬ ಕಲ್ಲು ಕೆಲಸಗಾರನನ್ನು ಎರವಲು ಕೊಟ್ಟನು. ಅವನು ಸುಣ್ಣ ಬೇಕೆಂದಾಗ ಇಲ್ಲಿಯವರು ಬೆರಗಾದರಂತೆ. ಏರಿಗೆ ಸುಣ್ಣವೇಕೆಂಬುದು ಅವರ ಪ್ರಶ್ನೆ. ಕಲ್ಲಿನ ಮೇಲೆ ಕಲ್ಲಿಟ್ಟು ಲಕ್ಕುಂಡಿಯ ದೇಗುಲಗಳನ್ನು ಎತ್ತಿದ ನಾಡಿನವರಿಗೆ ಆ ಬೆರಗು ಸಹಜವೇ ಅಲ್ಲವೇ?

ನಮ್ಮ ಮಾತುಗಳೂ ಅತ್ತ ಹೋದವು. ವಿಜಯನಗರದ ‘ಪ್ರತಾಪ’ವೆಂಬ ನಾಣ್ಯ ಪೋರ್ತುಗೀಜರ ಬಾಯಲ್ಲಿ ‘ಪರ್ದಾವ್’ ಆಗಿ, ಗೋವೆಯಲ್ಲಿ ಅವರ ಲೆಕ್ಕಪತ್ರಗಳೆಲ್ಲ ಅದರಲ್ಲಿಯೇ ನಡೆದವು. ನಮ್ಮ ಕಡೆಯ ಅಡಕೆ ‘ಅರೆಕಾ’ ಆಯಿತು. ಗೋವೆಯ ಕೊಂಕಣಿಗರು ತಮ್ಮ ನುಡಿಯನ್ನು ಕನ್ನಡಕ್ಕೆ ಹತ್ತಿರದ ಲಿಪಿಯಲ್ಲಿ ಬರೆಯುತ್ತಿದ್ದರು. ಅದಕ್ಕೆ ಗೋಯ್ಕಾನಡಿ ಎಂಬ ಹೆಸರು ಇತ್ತು. ಇಂಗ್ಲೆಂಡಿನಿಂದ ಬಂದ ಜೆಸ್ವಿತ್ ಗುರು ತಾಮಸ್ ಸ್ಟೀಫನ್ಸರು ಕೊಂಕಣಿಗೆ ಬರೆದ ವ್ಯಾಕರಣ 1640ರಲ್ಲಿ ರಾಯ್ತೂರಿನಲ್ಲಿ ಅಚ್ಚಾದಾಗ ಅದರ ಹೆಸರಿನಲ್ಲಿಯೇ ‘ಕಾನರಿಂ’ ಎಂಬ ಪದವಿತ್ತು. ಘಟ್ಟದ ಕೆಳಗಿನ ನುಡಿಗೂ ಕನ್ನಡ ನಾಡಿನ ಹೆಸರನ್ನೇ ಅವರು ಕೊಟ್ಟಿದ್ದರು.

ಇಲ್ಲಿ ಒಬ್ಬ ವೈದ್ಯನನ್ನು ನೆನೆಯದೆ ಮುಂದೆ ಹೋಗಲಾಗದು. ಗಾರ್ಸಿಯಾ ದ ಒರ್ತನು ಗೋವೆಯಲ್ಲಿ ನೆಲೆಸಿದ ಪೋರ್ತುಗೀಜ ವೈದ್ಯ. ದೇಶೀಯ ವೈದ್ಯರನ್ನು ಕೇಳಿ, ತಾನೇ ಕಂಡು, ಅಳಲೆ, ಹುಣಸೆ, ಅರಿಸಿನ, ದತ್ತೂರಿ ಮೊದಲಾದ ಮದ್ದುಗಳ ವಿಷಯವಾಗಿ ಸಂವಾದ ರೂಪದ ಗ್ರಂಥವೊಂದನ್ನು ಬರೆದನು. ಅದು 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ನಾಲ್ಕೇ ವರ್ಷದಲ್ಲಿ ಅದರ ಲ್ಯಾಟಿನ್ ಸಂಗ್ರಹ ಯುರೋಪಿನಲ್ಲಿ ಹೊರಬಂದಿತು. ಕಪ್ಪತಗುಡ್ಡದಲ್ಲಿ ಬೇರು ನಾರು ಅಗೆಯುವ ನಮ್ಮ ಹಳ್ಳಿಯ ಪಂಡಿತರಿಗೆ ಆ ಪುಸ್ತಕವನ್ನು ಓದಿ ಹೇಳಿದರೆ ಪುಟಪುಟಕ್ಕೂ ತಲೆದೂಗುವರು. ಮೂಡಣದ ವಿದ್ಯೆಯನ್ನು ಪಡುವಣಕ್ಕೆ ಇಷ್ಟು ಗೌರವದಿಂದ ಒಯ್ದವರು ಆ ಕಾಲದಲ್ಲಿ ವಿರಳ.

ಒರ್ತನಿಗೆ ದೊರೆತ ಬಹುಮಾನವೇನು? ಅವನು ಹುಟ್ಟಿನಿಂದ ಯೆಹೂದ್ಯರ ವಂಶದವನು. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯವು 1569ರಲ್ಲಿ ಅವನ ತಂಗಿಯನ್ನು ಸುಡಿಸಿತು. 1580ರಲ್ಲಿ, ಅವನು ಸತ್ತು ಹನ್ನೆರಡು ವರ್ಷಗಳಾದ ಮೇಲೆ, ಅವನ ಎಲುಬುಗಳನ್ನು ಗೋರಿಯಿಂದ ತೆಗೆಸಿ ಸುಟ್ಟರು. ಆ ನ್ಯಾಯಾಲಯವು 1812ರವರೆಗೂ ನಿಂತಿತ್ತು. ಹಿಂದುಗಳ ಆಚಾರಗಳ ಮೇಲೆ, ಹೊಸ ಕ್ರೈಸ್ತರ ಅಡಿಗೆಮನೆಯ ಮೇಲೆ ಕೂಡ ಅದರ ಕಣ್ಣಿತ್ತು. ಬಹಳ ಮಂದಿ ಗೋವೆಯನ್ನು ಬಿಟ್ಟು ತೆಂಕಣ ಕರಾವಳಿಗೆ ಬಂದರು; ಅವರಲ್ಲಿ ಹಿಂದುಗಳೂ ಇದ್ದರು, ನಮ್ಮವರೂ ಇದ್ದರು. ಹಬ್ಬದ ದಿನ ಇದನ್ನೇಕೆ ಎತ್ತಬೇಕೆಂದು ಕೆಲವರಿಗೆ ಅನಿಸಬಹುದು. ನಮ್ಮ ನೆರೆಯವರು ಕೇಳುವ ಪ್ರಶ್ನೆಯ ಹಿಂದೆ ಈ ನೆನಪೂ ಇದೆ. ಅದನ್ನು ನಾವೇ ಮೊದಲು ಹೇಳುವುದು ಮರ್ಯಾದೆ. ಅವರ ಬಾಯಿಂದ ಹೇಳಿಸಿಕೊಳ್ಳುವುದು ಅಲ್ಲ.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಘಟ್ಟದ ಮೇಲಿನ ಈ ಸೀಮೆಯಲ್ಲಿ ಪೋರ್ತುಗೀಜರ ಕೋಟೆಯಿರಲಿಲ್ಲ, ಧ್ವಜವಿರಲಿಲ್ಲ, ಧರ್ಮವಿಚಾರಣೆಯ ಆಳುಗಳಿರಲಿಲ್ಲ. ಇಲ್ಲಿಗೆ ಬಂದ ಕ್ರೈಸ್ತ ಗುರು ಕುದುರೆ ವ್ಯಾಪಾರಿಯಂತೆಯೇ ಪರರ ನೆಲದಲ್ಲಿ, ಪರರ ಅಪ್ಪಣೆಯಿಂದ ನಡೆಯಬೇಕಾಗಿತ್ತು. 1510ರಲ್ಲಿ ಅಲ್ಬುಕರ್ಕನು ಕೃಷ್ಣದೇವರಾಯನ ಬಳಿಗೆ ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ರಾಯಭಾರಿಯಾಗಿ ಕಳಿಸಿದನು, ಆತನು ಮರಳಲಿಲ್ಲ. 1561ರ ಸುಮಾರಿಗೆ ಬಿಜಾಪುರದ ಅಲಿ ಆದಿಲ್ ಶಹನು ತಾನಾಗಿಯೇ ಗೋವೆಯ ಆರ್ಚ್‌ಬಿಷಪರಲ್ಲಿ ವಿದ್ವಾಂಸರಾದ ಗುರುಗಳನ್ನು ಕಳಿಸಬೇಕೆಂದು ಕೇಳಿದನು. ಧರ್ಮಚರ್ಚೆಗಾಗಿ ಗುರುಗಳು ಹೋದರು. ಸುಲ್ತಾನನು ಮತವನ್ನು ಬದಲಿಸಲಿಲ್ಲ, ಗುರುಗಳೂ ತಲೆ ಕಳೆದುಕೊಳ್ಳಲಿಲ್ಲ. ಅವನ ಅನಂತರ ಬಂದ ಎರಡನೆಯ ಇಬ್ರಾಹಿಮನು ತನ್ನ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನು ಸ್ಮರಿಸಿದವನು, ಹಾಲೆಂಡಿನ ಹಾರ್ಲೆಮ್ ಪಟ್ಟಣದ ಚಿತ್ರಕಾರ ಕೊರ್ನೇಲಿಸ್ ಹೇಡಾ ಎಂಬವನನ್ನು ತನ್ನ ಆಸ್ಥಾನದಲ್ಲಿ ಇರಿಸಿಕೊಂಡವನು. ಅವನ ಆಳಿಕೆಯಲ್ಲಿಯೇ, 1617ರಲ್ಲಿ, ಅಂಕುಶಖಾನನು ಲಕ್ಷ್ಮೇಶ್ವರದ ಜುಮ್ಮಾ ಮಸೀದಿಯನ್ನು ಕಟ್ಟಿಸಿದನು. ಸೋಮೇಶ್ವರನ ಗುಡಿ, ಜೈನರ ಬಸದಿ, ಈ ಮಸೀದಿ ಮೂರೂ ಒಂದೇ ಊರಿನಲ್ಲಿ ಇಂದಿಗೂ ನಿಂತಿವೆ. ಶಿರಹಟ್ಟಿಯ ಫಕೀರೇಶ್ವರ ಮಠದ ಮಾತನ್ನು ನಾವು ಬಿಡಿಸಿ ಹೇಳಬೇಕಾದ್ದಿಲ್ಲ: ‘ಫಕೀರ’ ಅರಬ್ಬಿಯ ನುಡಿ, ‘ಈಶ್ವರ’ ಸಂಸ್ಕೃತದ ನುಡಿ, ಎರಡನ್ನೂ ಹೊತ್ತ ಗದ್ದುಗೆಗೆ ಹಿಂದು ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ.

ಇಂಥ ನೆಲದಲ್ಲಿ ನಮ್ಮ ವಿಶ್ವಾಸ ಬೇರು ಬಿಟ್ಟಿತು. ಇಲ್ಲಿಂದ ಸುಮಾರು ನೂರು ಕಿಲೋಮೀಟರು ದೂರದ ಮುದಗಲ್ಲಿನ ಕಥೋಲಿಕ ದೇವಾಲಯವು 1557ರದೆಂದು ಪ್ರಸಿದ್ಧವಾಗಿದೆ. ಆ ಕೋಟೆಗಾಗಿ ವಿಜಯನಗರದವರೂ ಬಿಜಾಪುರದವರೂ ಎಷ್ಟು ಸಲ ಹೊಡೆದಾಡಿದರೆಂಬುದನ್ನು ಎಣಿಸುವುದು ಕಷ್ಟ. ಮುಂದೆ ಮೊಗಲರು ಬಂದರು, ನಿಜಾಮರು ಬಂದರು. ಕೋಟೆಯ ಮೇಲಿನ ಬಾವುಟಗಳು ಬದಲಾದವು. ಕೆಳಗೆ ಕ್ರೈಸ್ತ ಮನೆತನಗಳು ಕನ್ನಡದಲ್ಲಿಯೇ ಬದುಕಿದವು. ಅವರನ್ನು ಕಾಯಲು ಗೋವೆಯಿಂದ ದಂಡು ಬರಲಿಲ್ಲ. ನೆರೆಹೊರೆಯವರು ಇರಗೊಟ್ಟರು, ಆದ್ದರಿಂದ ಇದ್ದರು. 17ನೇ ಶತಮಾನದ ನಡುವೆ ಇಟಲಿಯ ಜೆಸ್ವಿತ್ ಗುರು ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಹೋಗಿ ಮೈಸೂರು ನಾಡಿನ ಮಿಶನ್ನನ್ನು ಆರಂಭಿಸಿದರಷ್ಟೆ. ಅವರು ಮಾಡಿದ ಮುಖ್ಯ ಕೆಲಸ ಕನ್ನಡವನ್ನು ಕಲಿತದ್ದು. ಕನ್ನಡಕ್ಕೆ ವ್ಯಾಕರಣ, ನಿಘಂಟು, ಧರ್ಮೋಪದೇಶದ ಪುಸ್ತಕಗಳನ್ನು ಬರೆದದ್ದು. ಎರಡು ಶತಮಾನಗಳ ತರುವಾಯ ಬಾಸೆಲ್ ಮಿಶನ್ನಿನ ಸೋದರರು ಬೆಟಗೇರಿಗೆ ಬಂದರು. 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂತು. ಅವರು ಪ್ರಾಟೆಸ್ಟಂಟರು, ನಾವು ಕಥೋಲಿಕರು; ಆದರೆ ಅವರ ನಿಘಂಟಿನ ಸಾಲ ನಮ್ಮ ಮೇಲೂ ಇದೆ. 1880ರ ದಶಕದಲ್ಲಿ ಹಾಕಿದ ರೈಲಿನ ಹಳಿಗಳು ಗದಗಿಗೆ ಬೇರೆ ಬೇರೆ ಕಡೆಯ ಜನರನ್ನು ತಂದವು. ಆ ಕಾಲದ ಕಥೆಯನ್ನು ಈ ಸಂಚಿಕೆಯಲ್ಲಿ ಇತರರು ಬರೆಯುತ್ತಿರುವುದರಿಂದ ನಾವು ಮುಟ್ಟುವುದಿಲ್ಲ.

ಒಂದು ಲೋಪವನ್ನು ಮಾತ್ರ ಒಪ್ಪಿಕೊಳ್ಳಬೇಕು. ಮೆಣಸಿನಕಾಯಿ ಬಂದ ಕೆಲವೇ ತಲೆಮಾರುಗಳಲ್ಲಿ ಕನ್ನಡದ ಹೆಸರನ್ನು ಪಡೆಯಿತು. ನಮ್ಮ ಪೂಜೆಗೆ ಕನ್ನಡದ ಬಾಯಿ ಬರಲು ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ, ಎಂದರೆ 1962ರಿಂದ 1965ರ ಆ ವರ್ಷಗಳವರೆಗೆ, ಕಾಯಬೇಕಾಯಿತು. ಗುರುಗಳು ಬಲಿಪೀಠದಲ್ಲಿ ಲ್ಯಾಟಿನ್ ನುಡಿಯುತ್ತಿದ್ದರು. ಅಜ್ಜಿಯರು ಹಿಂದಿನ ಸಾಲಿನಲ್ಲಿ ಕುಳಿತು ಜಪಸರ ಎಣಿಸುತ್ತ ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದರು. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ಪ್ರದೇಶಗಳಲ್ಲಿ ಪುಲಿಗೆರೆಯೂ ಒಂದು. ಆ ಪುಲಿಗೆರೆಯೇ ನಮ್ಮ ಲಕ್ಷ್ಮೇಶ್ವರ. ಅಂಥ ಸೀಮೆಯ ದೇವಾಲಯದಲ್ಲಿ ಕನ್ನಡವು ಅಷ್ಟು ಕಾಲ ಹಿಂದಿನ ಸಾಲಿನಲ್ಲಿ ಕುಳಿತಿತ್ತೆಂಬುದು ನಮಗೆ ಇಂದಿಗೂ ನೋವಿನ ಮಾತು. ನೆರೆಯವರು ಪರದೇಶದ ಧರ್ಮವೆಂದಾಗ ತಪ್ಪೆಲ್ಲವೂ ಅವರದೇ ಎನ್ನಲಾಗುವುದಿಲ್ಲ.

ಆದ್ದರಿಂದ ಇನ್ನು ಮುಂದೆ ಯಾರಾದರೂ ಕೇಳಿದರೆ ಸಿಟ್ಟಾಗುವುದು ಬೇಡ, ನಕ್ಕು ಜಾರಿಕೊಳ್ಳುವುದೂ ಬೇಡ. “ಹೌದ್ರೀ, ಹೊರಗಿಂದನ ಬಂದದ. ನೀವು ಉಣ್ಣೋ ಮೆಣಸಿನಕಾಯಿ ಬಂದ ಹಾದೀಲೇ ಬಂದದ” ಎನ್ನೋಣ. ಗೋವೆಯ ಬೆಂಕಿಯ ವಿಷಯ ಕೇಳಿದರೆ ಅದನ್ನೂ ಮುಚ್ಚಿಡದೆ ಹೇಳೋಣ. ಮುದಗಲ್ಲಿನ ಮಾತನ್ನು ಅದರೊಡನೆ ಹೇಳೋಣ.

ಕೊನೆಯದಾಗಿ ಸಮಿತಿಯವರಲ್ಲಿ ಒಂದು ಬಿನ್ನಹ. ದೇವಾಲಯದ ಕಪಾಟಿನಲ್ಲಿ ದೀಕ್ಷಾಸ್ನಾನದ, ಮದುವೆಯ, ಸಮಾಧಿಯ ಹಳೆಯ ದಾಖಲೆ ಪುಸ್ತಕಗಳಿರುತ್ತವೆ. ಯಾವ ಊರಿನವರು, ತಂದೆ ತಾಯಿ ಯಾರು, ಜ್ಞಾನದ ತಂದೆ ತಾಯಿಯಾಗಿ ನಿಂತವರು ಯಾರು ಎಂಬುದನ್ನು ಅವು ಹೇಳುತ್ತವೆ. ಶಾಯಿ ಮಾಸುವ ಮೊದಲು, ಗೆದ್ದಲು ಹತ್ತುವ ಮೊದಲು ಅವುಗಳ ಪ್ರತಿ ಮಾಡಿಸಬೇಕು. ಹಾಗೆಯೇ ನಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ಹಿರಿಯರು ಹಾಡುವ ಹಳೆಯ ಜಪ, ಹಾಡುಗಳನ್ನು ಯುವಕರು ಈ ವರ್ಷವೇ ಬರೆದಿಡಬೇಕು. ನೇಕಾರನ ನಷ್ಟವನ್ನು ಯಾರೂ ಬರೆಯಲಿಲ್ಲವೆಂದು ಆಗಲೇ ದೂರಿದೆವಷ್ಟೆ. ನಮ್ಮ ಮಾತನ್ನು ನಾವೇ ಬರೆಯದಿದ್ದರೆ ಇನ್ನೊಬ್ಬರನ್ನು ದೂರುವ ಹಕ್ಕು ನಮಗಿರುವುದಿಲ್ಲ.

ಊಟದ ಗಂಟೆ ಮೀರಿತೆಂದು ಹಿಂದಿನಿಂದ ಸನ್ನೆ ಬರುತ್ತಿದೆ. ಮುಂಡರಗಿಯ ತಾಯಂದಿರು ಬೆಳಗಿನ ಜಾವದಿಂದ ರೊಟ್ಟಿ ಬಡಿದಿದ್ದಾರೆ, ಜೊತೆಗೆ ರಂಜಕವೂ ಇದೆಯಂತೆ.